ನಿಷ್ಠೆಯ ಒಂದು ವಾಕ್ಯ: ಅಮೆರಿಕದ ಧ್ವಜಪ್ರತಿಜ್ಞೆಗೆ ವ್ಯಾಖ್ಯಾನ

ಅಮೆರಿಕದ ಶಾಲೆಗಳಲ್ಲಿ ಪಾಠ ಶುರುವಾಗುವ ಮುಂಚೆ ಮಕ್ಕಳು ಎದ್ದು ನಿಂತು, ಬಲಗೈಯನ್ನು ಎದೆಯ ಮೇಲಿಟ್ಟು ಹೇಳುವ ಧ್ವಜಪ್ರತಿಜ್ಞೆ ಒಂದೇ ವಾಕ್ಯದ್ದು. ಇಂದಿನ ಇಂಗ್ಲಿಷ್ ರೂಪದಲ್ಲಿ 31 ಪದ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಯ ಮಕ್ಕಳಿಗೂ ಅದು ಬಾಯಿಪಾಠ. ಅದರ ಅರ್ಥ ಇಷ್ಟು:

"ಅಮೆರಿಕ ಸಂಯುಕ್ತ ಸಂಸ್ಥಾನದ ಧ್ವಜಕ್ಕೆ, ಆ ಧ್ವಜ ಪ್ರತಿನಿಧಿಸುವ ಗಣರಾಜ್ಯಕ್ಕೆ ನಿಷ್ಠನಾಗಿರುತ್ತೇನೆಂದು ಪ್ರತಿಜ್ಞೆ ಮಾಡುತ್ತೇನೆ, ಅದು ದೇವರ ಅಧೀನದಲ್ಲಿರುವ, ಅವಿಭಾಜ್ಯವಾದ ಒಂದು ರಾಷ್ಟ್ರ, ಅಲ್ಲಿ ಸ್ವಾತಂತ್ರ್ಯ ಮತ್ತು ನ್ಯಾಯ ಎಲ್ಲರಿಗೂ."

1892ರಲ್ಲಿ ಇದನ್ನು ಬರೆದವರು ಒಬ್ಬ ಪಾದ್ರಿ. 1940ರಲ್ಲಿ ಇದನ್ನು ಹೇಳಲು ಒಪ್ಪದೆ ಬೀದಿಯಲ್ಲಿ ಹೊಡೆತ ತಿಂದವರು ಬೈಬಲ್ಲನ್ನೇ ಎದೆಗವಚಿಕೊಂಡವರು. 1954ರಲ್ಲಿ ಇದರೊಳಗೆ ದೇವರ ಹೆಸರು ಸೇರಿಸಬೇಕೆಂದು ಹಟ ಹಿಡಿದವರೂ ಕ್ರೈಸ್ತರೇ. ಒಂದೇ ಗ್ರಂಥ ಓದಿ ಬೆಳೆದ ಈ ಮೂರು ಗುಂಪಿಗೂ ಆಯಾ ಕಾಲದ ರಾಜಕೀಯ ಒಂದೊಂದು ಹಣೆಪಟ್ಟಿ ಕಟ್ಟಿತು: ಸಮಾಜವಾದಿ, ದೇಶದ್ರೋಹಿ, ದೇಶಭಕ್ತ. ವಾಕ್ಯವನ್ನು ತುಂಡು ತುಂಡಾಗಿ ಬಿಡಿಸಿ ಓದಿದರೆ ವಿಶ್ವಾಸಕ್ಕೂ ದೇಶಪ್ರೇಮಕ್ಕೂ ನಡುವೆ ನಿಜವಾಗಿ ನಡೆದದ್ದೇನು, ಹಣೆಪಟ್ಟಿಗಳು ಮುಚ್ಚಿಟ್ಟದ್ದೇನು ಎಂಬುದು ತಿಳಿಯುತ್ತದೆ.

"ನಾನು ನಿಷ್ಠೆಯ ಪ್ರತಿಜ್ಞೆ ಮಾಡುತ್ತೇನೆ"

ಮೊದಲು ಬರುವುದು 'ನಾನು'. ಮಕ್ಕಳೆಲ್ಲ ಒಕ್ಕೊರಲಿನಿಂದ ಹೇಳಿದರೂ ವಾಕ್ಯ 'ನಾವು' ಅನ್ನುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ, ತಮ್ಮ ಮನಸ್ಸಾಕ್ಷಿಯ ಹೊಣೆಯಲ್ಲಿ ಹೇಳಬೇಕಾದ ಮಾತು ಇದು.

ಈ 'ನಾನು' ಬರೆದ ಫ್ರಾನ್ಸಿಸ್ ಬೆಲ್ಲಮಿ ಹುಟ್ಟಿದ್ದು 1855ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ತಂದೆಯಂತೆ ತಾವೂ ಬ್ಯಾಪ್ಟಿಸ್ಟ್ ಪಾದ್ರಿಯಾದರು. ಬಾಸ್ಟನ್ನಿನಲ್ಲಿ ಕಾರ್ಖಾನೆ ಕೆಲಸಗಾರರ ನಡುವೆ ಸೇವೆ ಮಾಡುತ್ತ ಬಡವರ ಪಾಡು ಕಂಡರು. ಯೇಸುವಿನ ಬೋಧನೆಯನ್ನು ಪ್ರಾಮಾಣಿಕವಾಗಿ ಓದಿದವರು ಹಣದ ದುರಾಸೆಯ ಮೇಲೆ ನಿಂತ ವ್ಯವಸ್ಥೆಯನ್ನು ಒಪ್ಪಲಾರರು ಎಂದು ಪ್ರವಚನ ಮಾಡಿದರು. 1889ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಕ್ರೈಸ್ತ ಸಮಾಜವಾದಿಗಳ ಸಂಘದಲ್ಲಿ ಮುಂಚೂಣಿಯಲ್ಲಿದ್ದರು. ಅವರು ಪಾದ್ರಿಯಾಗಿದ್ದ ಸಭೆಗೆ (ಚರ್ಚಿಗೆ) ಹಣ ಕೊಡುತ್ತಿದ್ದ ಉದ್ಯಮಿಗಳಿಗೆ ಇದು ರುಚಿಸಲಿಲ್ಲ. ಬೆಂಬಲ ಕುಗ್ಗಿತು, 1891ರಲ್ಲಿ ಅವರು ಆ ಸಭೆಯನ್ನು ಬಿಟ್ಟರು. ಆಗ ಅವರಿಗೆ ಕೆಲಸ ಕೊಟ್ಟದ್ದು 'ದಿ ಯೂತ್ಸ್ ಕಂಪ್ಯಾನಿಯನ್' ಎಂಬ ಜನಪ್ರಿಯ ವಾರಪತ್ರಿಕೆ. ಕೊಲಂಬಸ್ ಅಮೆರಿಕ ತಲುಪಿ 400 ವರ್ಷವಾದ ನೆನಪಿಗೆ 1892ರ ಅಕ್ಟೋಬರ್ 21ರಂದು ದೇಶದ ಶಾಲೆಗಳಲ್ಲೆಲ್ಲ ಧ್ವಜವಂದನೆ ಏರ್ಪಡಿಸುವ ಹೊಣೆ ಅವರದಾಯಿತು. ಆ ಕಾರ್ಯಕ್ರಮಕ್ಕೆಂದು ಆಗಸ್ಟ್ ತಿಂಗಳ ಒಂದು ಸಂಜೆ, ಪತ್ರಿಕೆಯ ಕಚೇರಿಯಲ್ಲಿ ಒಬ್ಬರೇ ಕೂತು ಸುಮಾರು ಎರಡು ತಾಸಿನಲ್ಲಿ ಬರೆದದ್ದು ಈ ವಾಕ್ಯ.

ಅರವತ್ತು ವರ್ಷ ಕಳೆದ ಮೇಲೆ ಅಮೆರಿಕದಲ್ಲಿ 'ಸಮಾಜವಾದಿ' ಎಂದು ಕರೆಸಿಕೊಂಡವನ ನೌಕರಿಯೇ ಹೋಗುವ ಕಾಲ ಬಂತು. ಅದೇ ಕಾಲದಲ್ಲಿ ಒಬ್ಬ ಸಮಾಜವಾದಿ ಪಾದ್ರಿಯ ವಾಕ್ಯವೇ ದೇಶಭಕ್ತಿಯ ಪರೀಕ್ಷೆಯಾಗಿ ಶಾಲೆ ಶಾಲೆಯಲ್ಲಿ ಮೊಳಗುತ್ತಿತ್ತು. ಹಣೆಪಟ್ಟಿಯನ್ನಷ್ಟೇ ಓದಿದ್ದರೆ ಬೆಲ್ಲಮಿಯನ್ನು ಹೊರಗಿಟ್ಟು ಅವರ ವಾಕ್ಯವನ್ನೂ ಕಳೆದುಕೊಳ್ಳುತ್ತಿದ್ದರು.

"ಧ್ವಜಕ್ಕೆ"

ಬೆಲ್ಲಮಿ ಬರೆದದ್ದು 'ನನ್ನ ಧ್ವಜಕ್ಕೆ' ಎಂದು. ದೇಶದ ಹೆಸರೇ ಅಲ್ಲಿರಲಿಲ್ಲ. ಯಾವ ದೇಶದ ಮಗುವಾದರೂ ಹೇಳಬಹುದಾಗಿದ್ದ ಮಾತು ಅದು. 1923ರಲ್ಲಿ ನಡೆದ ರಾಷ್ಟ್ರೀಯ ಧ್ವಜ ಸಮ್ಮೇಳನ, ವಲಸೆ ಬಂದವರು ತಮ್ಮ ಹುಟ್ಟುನಾಡಿನ ಧ್ವಜವನ್ನು ಮನಸ್ಸಿನಲ್ಲಿಟ್ಟುಕೊಂಡಾರು ಎಂಬ ಶಂಕೆಯಿಂದ 'ಸಂಯುಕ್ತ ಸಂಸ್ಥಾನದ ಧ್ವಜಕ್ಕೆ' ಎಂದು ತಿದ್ದಿತು. ಮರುವರ್ಷ 'ಅಮೆರಿಕದ' ಎಂಬುದೂ ಸೇರಿತು. ಭಾರತೀಯರು ನೆನಪಿಡಬೇಕಾದ ಸಂಗತಿಯೊಂದು ಇಲ್ಲಿದೆ. ಅದೇ 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಅಲ್ಲಿನ ಸುಪ್ರೀಂ ಕೋರ್ಟು ಪೌರತ್ವ ನಿರಾಕರಿಸಿತು. ಮೊದಲ ಮಹಾಯುದ್ಧದಲ್ಲಿ ಆತ ಅಮೆರಿಕದ ಸೈನ್ಯದಲ್ಲೇ ಸೇವೆ ಸಲ್ಲಿಸಿದ್ದವರು. ಅವರು ಬಿಳಿಯರಲ್ಲ ಎಂಬುದು ಕೋರ್ಟು ಕೊಟ್ಟ ಕಾರಣ. ಭಾರತೀಯರು ಅಲ್ಲಿ ಪೌರರಾಗುವ ಬಾಗಿಲು ತೆರೆದದ್ದು 1946ರಲ್ಲಿ. ಧ್ವಜಕ್ಕೆ ನಿಷ್ಠೆ ಕೇಳಿದ ದೇಶ, ನಿಷ್ಠೆ ತೋರಿದವನ ನಾಡಿನವರನ್ನು ತನ್ನವರೆನ್ನಲು 23 ವರ್ಷ ಹಿಂದುಮುಂದು ನೋಡಿತು.

ಇನ್ನು ವಿಶ್ವಾಸದ ಪ್ರಶ್ನೆ. ವಿಗ್ರಹಕ್ಕೆ ಅಡ್ಡಬೀಳಬಾರದು ಎಂಬುದು ಮೋಶೆಯ ಹತ್ತು ಆಜ್ಞೆಗಳಲ್ಲಿ ಒಂದು. ಧ್ವಜಕ್ಕೆ ವಂದಿಸುವುದು ಆ ಆಜ್ಞೆಯನ್ನು ಮೀರಿದಂತೆ ಎಂದು ಯೆಹೋವನ ಸಾಕ್ಷಿಗಳು ನಂಬುತ್ತಾರೆ. ಬಹುಪಾಲು ಕ್ರೈಸ್ತರು ಹಾಗೆ ನಂಬುವುದಿಲ್ಲ. ಆದರೆ ಈ ಹಿಂಜರಿಕೆ ಕ್ರೈಸ್ತ ಚರಿತ್ರೆಗೆ ಹೊಸದಲ್ಲ. ಸುಮಾರು ಕ್ರಿ.ಶ. 112ರಲ್ಲಿ ರೋಮಿನ ಪ್ರಾಂತಾಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಕ್ರೈಸ್ತರೆಂದು ಆರೋಪ ಹೊತ್ತವರ ಮುಂದೆ ಚಕ್ರವರ್ತಿಯ ಪ್ರತಿಮೆ ಇಡಿಸಿ, ಧೂಪ, ದ್ರಾಕ್ಷಾರಸ ಅರ್ಪಿಸಿದವರನ್ನು ಬಿಟ್ಟೆ, ಒಪ್ಪದವರನ್ನು ಶಿಕ್ಷಿಸಿದೆ ಎನ್ನುತ್ತಾನೆ ಆತ. ರೋಮಿನ ಕಣ್ಣಿಗೆ ಅದು ನಿಷ್ಠೆಯ ಸಣ್ಣ ಗುರುತು. ಕ್ರೈಸ್ತರ ಕಣ್ಣಿಗೆ ದೇವರಿಗೆ ಸಲ್ಲಬೇಕಾದದ್ದನ್ನು ದೊರೆಗೆ ಕೊಡುವ ದೊಡ್ಡ ದ್ರೋಹ.

1935ರಲ್ಲಿ ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲ ಊರಿನ ಶಾಲೆಯಲ್ಲಿ, ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಹನ್ನೆರಡರ ಅಕ್ಕ, ಹತ್ತರ ತಮ್ಮ ಧ್ವಜವಂದನೆಗೆ ಕೈ ಎತ್ತಲಿಲ್ಲ. ಶಾಲೆ ಅವರನ್ನು ಹೊರಹಾಕಿತು. 1940ರ ಜೂನ್ 3ರಂದು ಸುಪ್ರೀಂ ಕೋರ್ಟು 8-1ರ ಬಹುಮತದಿಂದ ಶಾಲೆಯ ಪರ ನಿಂತಿತು. ರಾಷ್ಟ್ರೀಯ ಒಗ್ಗಟ್ಟೇ ರಾಷ್ಟ್ರದ ರಕ್ಷಣೆಗೆ ತಳಹದಿ ಎಂಬುದು ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ತರ್ಕ. ಯೂರೋಪಿನಲ್ಲಿ ಫ್ರಾನ್ಸ್ ಹಿಟ್ಲರನ ಕೈಗೆ ಬೀಳುತ್ತಿದ್ದ ದಿನಗಳವು. ವಂದಿಸದವರು ಹಿಟ್ಲರನ ಒಳಗೂಢಚಾರರು ಎಂಬ ಗುಲ್ಲು ಹಬ್ಬಿತು. ಒಂದೇ ವಾರದಲ್ಲಿ ಮೇನ್ ರಾಜ್ಯದ ಕೆನ್ನೆಬಂಕ್‌ನಲ್ಲಿ ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಬಿತ್ತು. ವೆಸ್ಟ್ ವರ್ಜೀನಿಯಾದ ರಿಚ್‌ವುಡ್‌ನಲ್ಲಿ ರಕ್ಷಣೆ ಕೋರಿ ಬಂದ ಸಾಕ್ಷಿಗಳನ್ನೇ ಹಿಡಿದು, ಬಲವಂತವಾಗಿ ಹರಳೆಣ್ಣೆ ಕುಡಿಸಿ, ಹಗ್ಗ ಕಟ್ಟಿ ಬೀದಿಯಲ್ಲಿ ನಡೆಸಿದರು. ಹಾಗೆ ನಡೆಸಿದವರಲ್ಲಿ ಕಾನೂನು ಕಾಯಬೇಕಾದ ಅಧಿಕಾರಿಯೂ ಇದ್ದ.

ಅದೇ ಹೊತ್ತಿನಲ್ಲಿ ಜರ್ಮನಿಯಲ್ಲಿ ಇದೇ ಪಂಥದವರು ಹಿಟ್ಲರನಿಗೆ ಕೈ ಎತ್ತಲೊಲ್ಲದೆ ಸೆರೆಶಿಬಿರ ಸೇರಿದ್ದರು. ಅಲ್ಲಿ ಅವರ ಅಂಗಿಯ ಮೇಲೆ ನೇರಳೆ ಬಣ್ಣದ ತ್ರಿಕೋನ ಹೊಲಿದಿದ್ದರು. ನಾಜಿಗಳ ಸೆರೆಶಿಬಿರದಲ್ಲಿ ಸಾಯುತ್ತಿದ್ದವರ ಸಹವಿಶ್ವಾಸಿಗಳನ್ನೇ ಅಮೆರಿಕದ ಗುಂಪು 'ನಾಜಿ' ಎಂದು ಕರೆದು ಹೊಡೆಯಿತು. ಹಣೆಪಟ್ಟಿ ಎಷ್ಟು ಕುರುಡು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಕಂಡಿಲ್ಲ.

ಆಗಿನ ವಂದನೆಯ ರೀತಿಯನ್ನೂ ಹೇಳಬೇಕು. ಪ್ರತಿಜ್ಞೆ ಶುರುವಾದಾಗ ಸೈನಿಕರಂತೆ ಹಣೆಗೆ ಕೈ. 'ನನ್ನ ಧ್ವಜಕ್ಕೆ' ಎಂಬಲ್ಲಿ ಅದೇ ಬಲಗೈಯನ್ನು ಅಂಗೈ ಮೇಲಾಗಿ ಧ್ವಜದತ್ತ ನೀಳವಾಗಿ ಚಾಚುವುದು. ಮೂವತ್ತರ ದಶಕದ ಹೊತ್ತಿಗೆ ಅದು ಜರ್ಮನಿಯ ಬೀದಿಗಳ ವಂದನೆಯನ್ನೇ ಹೋಲುತ್ತಿತ್ತು. 1942ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸು ಅದನ್ನು ಕೈಬಿಟ್ಟು ಎದೆಯ ಮೇಲೆ ಕೈ ಇಡುವ ಕ್ರಮ ತಂದಿತು.

ಮೂರೇ ವರ್ಷದಲ್ಲಿ ಸುಪ್ರೀಂ ಕೋರ್ಟು ತನ್ನ ತೀರ್ಪನ್ನೂ ತಿರುಗಿಸಿತು. 1943ರ ಜೂನ್ 14, ಅಮೆರಿಕದ ಧ್ವಜದಿನ. ವೆಸ್ಟ್ ವರ್ಜೀನಿಯಾದ ಬಾರ್ನೆಟ್ ಪ್ರಕರಣದಲ್ಲಿ 6-3ರ ತೀರ್ಪು ಬರೆದವರು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್. ಬಲವಂತದಿಂದ ಒಮ್ಮತ ತರಹೊರಟವರಿಗೆ ಕೊನೆಗೆ ದಕ್ಕುವುದು ಸ್ಮಶಾನದ ಒಮ್ಮತ ಎಂಬರ್ಥದ ಎಚ್ಚರಿಕೆ ಅದರಲ್ಲಿದೆ. ರಾಜಕೀಯದಲ್ಲಾಗಲಿ ಧರ್ಮದಲ್ಲಾಗಲಿ ಯಾವ ನಂಬಿಕೆ ಸರಿ ಎಂದು ವಿಧಿಸುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ ಎಂದು ಕೋರ್ಟು ಸಾರಿತು. ದೇಶ ಯುದ್ಧದಲ್ಲಿದ್ದಾಗಲೇ ಇಂಥ ತೀರ್ಪು ಬಂದದ್ದು ಅದರ ಹೆಚ್ಚುಗಾರಿಕೆ. ವಾಕ್ಯದ ಮೊದಲ ಪದ 'ನಾನು' ತನ್ನ ಅರ್ಥವನ್ನು ಪಡೆದದ್ದು ಆ ದಿನ. ಬೇಡ ಎನ್ನುವ ಸ್ವಾತಂತ್ರ್ಯ ಇರುವವನ 'ಹೌದು' ಮಾತ್ರ ಪ್ರತಿಜ್ಞೆಯಾಗಬಲ್ಲದು.

"ಅದು ಪ್ರತಿನಿಧಿಸುವ ಗಣರಾಜ್ಯಕ್ಕೆ"

ಬೆಲ್ಲಮಿ ಧ್ವಜದಲ್ಲೇ ನಿಂತುಬಿಡಲಿಲ್ಲ. ಬಟ್ಟೆಯ ಹಿಂದೆ ಸಂವಿಧಾನವಿರುವ ವ್ಯವಸ್ಥೆಯೊಂದನ್ನು ನಿಲ್ಲಿಸಿದರು. ಆ ವ್ಯವಸ್ಥೆ ಕೆಟ್ಟಾಗ ಅದನ್ನು ತಿದ್ದುವುದೂ ನಿಷ್ಠೆಯೇ ಎಂಬ ಅರ್ಥಕ್ಕೆ ಇದರಿಂದ ಎಡೆ ಸಿಗುತ್ತದೆ. ಕ್ರೈಸ್ತನಿಗೆ ಇದು ಮುಖ್ಯ. ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಪೌಲನು ರೋಮಿನವರಿಗೆ ಬರೆದದ್ದೂ, ಮನುಷ್ಯರಿಗಿಂತ ಮೊದಲು ದೇವರ ಮಾತು ಕೇಳಬೇಕೆಂದು ಪೇತ್ರನು ಅಧಿಕಾರಿಗಳ ಮುಖಕ್ಕೇ ಹೇಳಿದ್ದೂ ಒಂದೇ ಹೊಸ ಒಡಂಬಡಿಕೆಯಲ್ಲಿ ಇವೆ. ಎರಡನ್ನೂ ಒಟ್ಟಿಗೆ ಹಿಡಿದವನು ರಾಜ್ಯವನ್ನು ಪ್ರೀತಿಸಬಲ್ಲ, ರಾಜ್ಯವನ್ನು ಪೂಜಿಸಲಾರ.

ಗಣರಾಜ್ಯ, ಪ್ರಜಾಪ್ರಭುತ್ವ ಎಂಬ ಎರಡು ಕಲ್ಪನೆಗಳಿಂದ ಹೆಸರು ಪಡೆದ ಎರಡು ಪಕ್ಷಗಳು ಅಲ್ಲಿವೆ: ರಿಪಬ್ಲಿಕನ್, ಡೆಮಾಕ್ರಟಿಕ್. 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಗುಲಾಮಗಿರಿಯ ಹರಡುವಿಕೆಯನ್ನು ತಡೆಯಲು ಎದ್ದದ್ದು. ಅಂತರ್ಯುದ್ಧದ ನಂತರ ದಕ್ಷಿಣದಲ್ಲಿ ವರ್ಣಭೇದವನ್ನು ದಶಕಗಟ್ಟಲೆ ಕಾಪಾಡಿದವರು ಡೆಮಾಕ್ರಟರು. ಇಂದು ಕರಿಯ ಮತದಾರರಲ್ಲಿ ಬಹುಪಾಲು ಡೆಮಾಕ್ರಟರ ಕಡೆ. ಹೆಸರು ನಿಂತಲ್ಲೇ ನಿಂತಿದೆ. ಒಳಗಿನ ತಿರುಳು ಬದಲಾಗಿದೆ. ವಿಲಿಯಂ ಜೆನಿಂಗ್ಸ್ ಬ್ರಯಾನ್ ಅವರನ್ನು ನೋಡಿ. ಮೂರು ಸಲ ಡೆಮಾಕ್ರಟಿಕ್ ಅಭ್ಯರ್ಥಿಯಾಗಿ ರಾಷ್ಟ್ರಪತಿ ಪದವಿಗೆ ನಿಂತು ಸೋತ ಅವರು ರೈತರ ಪರ, ದೊಡ್ಡ ಬಂಡವಾಳಕ್ಕೆ ವಿರೋಧಿ. 1925ರಲ್ಲಿ ಶಾಲೆಗಳಲ್ಲಿ ವಿಕಾಸವಾದ ಕಲಿಸುವುದರ ವಿರುದ್ಧ ಟೆನೆಸಿಯ ನ್ಯಾಯಾಲಯದಲ್ಲಿ ವಾದಿಸಿದವರೂ ಅವರೇ. ಎರಡಕ್ಕೂ ಪ್ರೇರಣೆ ಒಂದೇ ಬೈಬಲ್. ಇಂದಿನ ಎಡ, ಬಲ ಎಂಬ ಎರಡು ಖಾನೆಗಳಲ್ಲಿ ಯಾವುದರಲ್ಲೂ ಅವರು ಪೂರ್ತಿ ಹಿಡಿಸುವುದಿಲ್ಲ.

"ಒಂದು ರಾಷ್ಟ್ರ, ಅವಿಭಾಜ್ಯ"

ಬೆಲ್ಲಮಿಯ ಬರಹದಲ್ಲಿ ಈ ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗಾಗಿ ಒಟ್ಟಿಗೇ ಓದಬೇಕು. 1861ರಿಂದ 1865ರವರೆಗಿನ ಅಂತರ್ಯುದ್ಧದ ನೆನಪು ಅವರ ಬಾಲ್ಯದ್ದು. 'ಅವಿಭಾಜ್ಯ' ಎಂಬುದು ಆ ರಕ್ತದಲ್ಲಿ ಅದ್ದಿದ ಪದ.

ಆದರೆ ದೇಶ ಒಡೆಯುವ ಮೊದಲು ಒಡೆದದ್ದು ಸಭೆಗಳು. ಗುಲಾಮರನ್ನಿಟ್ಟುಕೊಂಡ ಬಿಷಪ್ಪರ ಪ್ರಶ್ನೆಯಲ್ಲಿ ಮೆಥಡಿಸ್ಟರು 1844ರಲ್ಲಿ ಸೀಳಿಹೋದರು. ಗುಲಾಮರ ಒಡೆಯರು ಮಿಷನರಿಗಳಾಗಬಹುದೇ ಎಂಬ ಪ್ರಶ್ನೆಯಲ್ಲಿ ಬ್ಯಾಪ್ಟಿಸ್ಟರು 1845ರಲ್ಲಿ ಸೀಳಿಹೋದರು. ಜಾರ್ಜಿಯಾದ ಆಗಸ್ಟಾದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಹುಟ್ಟಿತು. ಒಂದೇ ಮೇಜಿನ ರೊಟ್ಟಿ ಹಂಚಿಕೊಳ್ಳಲಾರದವರು ಒಂದೇ ರಾಷ್ಟ್ರವಾಗಿ ಉಳಿಯುವುದು ಹೇಗೆ? ಸೀಳು ಮೊದಲು ಕಂಡದ್ದು ಯುದ್ಧಭೂಮಿಯಲ್ಲಲ್ಲ, ಪ್ರಾರ್ಥನಾಲಯದಲ್ಲಿ. ಎರಡೂ ಪಡೆಗಳು ಒಂದೇ ದೇವರಿಗೆ ಮೊರೆಯಿಟ್ಟು ಒಬ್ಬರ ಮೇಲೊಬ್ಬರು ಜಯ ಕೇಳಿದವು ಎಂದು 1865ರ ಮಾರ್ಚಿನಲ್ಲಿ ಲಿಂಕನ್ ನೊಂದು ನುಡಿದರು. ದೇವರು ನಮ್ಮ ಕಡೆಯವನು ಎಂದು ಅವರು ಹೇಳಲಿಲ್ಲ. ಯುದ್ಧದ ಯಾತನೆ ಗುಲಾಮಗಿರಿಯ ಪಾಪಕ್ಕೆ ಉತ್ತರಕ್ಕೂ ದಕ್ಷಿಣಕ್ಕೂ ಬಂದ ದಂಡನೆ ಇರಬಹುದು ಎಂದರು. ರಾಷ್ಟ್ರಪ್ರೇಮ ಮತ್ತು ದೈವಭಕ್ತಿ ಕೂಡಿ ಬಾಳುವ ಬಗೆ ತಿಳಿಯಬೇಕೆಂದರೆ ಆ ಭಾಷಣ ಓದಬೇಕು. ಸದರ್ನ್ ಬ್ಯಾಪ್ಟಿಸ್ಟರು ಗುಲಾಮಗಿರಿಗೆ ಕೊಟ್ಟ ಬೆಂಬಲಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ.

"ದೇವರ ಅಧೀನದಲ್ಲಿ"

ಪಾದ್ರಿ ಬರೆದ ವಾಕ್ಯದಲ್ಲಿ ದೇವರ ಹೆಸರಿರಲಿಲ್ಲ. ಬ್ಯಾಪ್ಟಿಸ್ಟರ ಪರಂಪರೆ ಬಲ್ಲವರಿಗೆ ಇದು ವಿಚಿತ್ರವೆನಿಸದು. ಸರ್ಕಾರ ವಿಶ್ವಾಸದ ವಿಷಯಕ್ಕೆ ಕೈಹಾಕಬಾರದು ಎಂದು ವಾದಿಸಿ ಮ್ಯಾಸಚುಸೆಟ್ಸಿನಿಂದ ಗಡೀಪಾರಾದ ರಾಜರ್ ವಿಲಿಯಮ್ಸ್ 1638ರ ಸುಮಾರಿಗೆ ಪ್ರಾವಿಡೆನ್ಸಿನಲ್ಲಿ ಅಮೆರಿಕದ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದ್ದರು. ಬಲವಂತದ ಆರಾಧನೆ ದೇವರಿಗೇ ಅವಮಾನ ಎಂಬುದು ಆ ಪರಂಪರೆಯ ಬೇರು.

ಈ ಪದಗಳು ಬಂದದ್ದು ಶೀತಲ ಸಮರದ ಬಿಸಿಯಲ್ಲಿ. ನೈಟ್ಸ್ ಆಫ್ ಕೊಲಂಬಸ್ ಎಂಬ ಕ್ಯಾಥೊಲಿಕ್ ಸಂಘ 1951ರಿಂದಲೇ ತನ್ನ ಕೂಟಗಳಲ್ಲಿ ಇವನ್ನು ಸೇರಿಸಿ ಹೇಳುತ್ತಿತ್ತು. 1954ರ ಫೆಬ್ರವರಿ 7ರ ಭಾನುವಾರ ವಾಷಿಂಗ್ಟನ್ನಿನ ನ್ಯೂಯಾರ್ಕ್ ಅವೆನ್ಯೂ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ, ಹಿಂದೆ ಲಿಂಕನ್ ಕೂರುತ್ತಿದ್ದ ಆಸನದಲ್ಲಿ ರಾಷ್ಟ್ರಪತಿ ಐಸೆನ್‌ಹೋವರ್ ಕೂತಿದ್ದರು. ಸ್ಕಾಟ್ಲೆಂಡಿನಿಂದ ಬಂದಿದ್ದ ಪಾದ್ರಿ ಜಾರ್ಜ್ ಡಾಕರ್ಟಿ, ಮಾಸ್ಕೋದ ಮಕ್ಕಳೂ ತಮ್ಮ ಸುತ್ತಿಗೆ ಕುಡುಗೋಲಿನ ಧ್ವಜಕ್ಕೆ ಇದೇ ಪ್ರತಿಜ್ಞೆ ಹೇಳಬಹುದಲ್ಲ, ಅಮೆರಿಕದ್ದೆಂಬ ಗುರುತು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. 'ದೇವರ ಅಧೀನದಲ್ಲಿ' ಎಂದು ಸೇರಿಸುವ ಮಸೂದೆಗಳನ್ನು ಕಾಂಗ್ರೆಸ್ಸಿನಲ್ಲಿ ಡೆಮಾಕ್ರಟ್ ರಬೌಟ್, ರಿಪಬ್ಲಿಕನ್ ಫರ್ಗುಸನ್ ಇಬ್ಬರೂ ಮಂಡಿಸಿದರು. ಜೂನ್ 14ರಂದು, ಮತ್ತೊಂದು ಧ್ವಜದಿನದಂದು, ಐಸೆನ್‌ಹೋವರ್ ಸಹಿ ಹಾಕಿದರು.

ಡಾಕರ್ಟಿ ಅವರ ಪ್ರಶ್ನೆಯನ್ನು ತಳ್ಳಿಹಾಕಲಾಗದು. ರಾಜ್ಯದ ಮೇಲೆ ಇನ್ನೊಂದು ನ್ಯಾಯಾಸನವಿದೆ, ಅದರ ಮುಂದೆ ರಾಜ್ಯವೂ ತಲೆಬಾಗಬೇಕು ಎಂಬ ಅರ್ಥದಲ್ಲಿ ಈ ಪದಗಳು ಸೊಕ್ಕನ್ನು ಮುರಿಯುತ್ತವೆ. ಲಿಂಕನ್ ಅವರ 1865ರ ಭಾಷಣದ ಭಾವವೂ ಅದೇ. ಆದರೆ ನಾಸ್ತಿಕನು ಅಮೆರಿಕನ್ನನೇ ಆಗಲಾರ ಎಂಬ ಅರ್ಥದಲ್ಲಿ ಬಳಸಿದಾಗ ಅವೇ ಪದಗಳು ಗೋಡೆಯಾಗುತ್ತವೆ. ಡಾಕರ್ಟಿ ಅವರ ಪ್ರವಚನ ಅಲ್ಲಿಗೂ ಹೋಯಿತು. 'ನಾಸ್ತಿಕ' ಎಂಬ ಪಟ್ಟಿಯನ್ನು ಹಿಂದೊಮ್ಮೆ ಹೊತ್ತವರು ಯಾರೆಂಬುದನ್ನು ಕ್ರೈಸ್ತರು ಮರೆಯಬಾರದು. ಎರಡನೆಯ ಶತಮಾನದ ಮಧ್ಯದಲ್ಲಿ ಸ್ಮಿರ್ನದ ವೃದ್ಧ ಬಿಷಪ್ ಪಾಲಿಕಾರ್ಪರನ್ನು ಕ್ರೀಡಾಂಗಣದಲ್ಲಿ ನಿಲ್ಲಿಸಿ, ನಾಸ್ತಿಕರಿಗೆ ಧಿಕ್ಕಾರ ಹೇಳು ಎಂದು ರೋಮಿನ ಅಧಿಕಾರಿ ಆಜ್ಞಾಪಿಸಿದ. ನಾಸ್ತಿಕರೆಂದರೆ ಆಗ ಕ್ರೈಸ್ತರು! ರೋಮಿನ ದೇವತೆಗಳನ್ನು ಒಪ್ಪದವರಿಗೆ ಕೊಟ್ಟ ಹೆಸರು ಅದು. ಆ ಪಟ್ಟಿಯಿಂದ ಹುತಾತ್ಮರಾದವರ ವಂಶದವರು ಅದೇ ಪಟ್ಟಿಯನ್ನು ಇನ್ನೊಬ್ಬರ ಹಣೆಗೆ ಕಟ್ಟುವುದು ತಮ್ಮ ಹಿರಿಯರಿಗೆ ಮಾಡುವ ಅನ್ಯಾಯ.

"ಸ್ವಾತಂತ್ರ್ಯ ಮತ್ತು ನ್ಯಾಯ"

ಫ್ರೆಂಚ್ ಕ್ರಾಂತಿಯ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನೇ ಬರೆಯೋಣವೆಂದು ಬೆಲ್ಲಮಿ ಯೋಚಿಸಿದ್ದರು. ಆ ಗುರಿ ಇನ್ನೂ ಬಹು ದೂರ ಎಂದೆನಿಸಿ ಬಿಟ್ಟರು. ಹೆಂಗಸರಿಗೆ ದೇಶವ್ಯಾಪಿ ಮತದಾನದ ಹಕ್ಕು 1920ರವರೆಗೂ ಸಿಗದಿದ್ದ, ಕರಿಯರ ಸಮಾನತೆಯ ಮಾತೆತ್ತಿದರೆ ಶಾಲೆಗಳೇ ಮುನಿಯುತ್ತಿದ್ದ ಕಾಲ ಅದು. ಉಳಿದದ್ದು ನ್ಯಾಯ. ಪ್ರವಾದಿ ಆಮೋಸನು ಹಬ್ಬಗಳಿಗಿಂತ, ಹಾಡುಗಳಿಗಿಂತ ಮೇಲಿಟ್ಟದ್ದೂ ನ್ಯಾಯವನ್ನೇ.

"ಎಲ್ಲರಿಗೂ"

ವಾಕ್ಯದ ಭಾರವೆಲ್ಲ ಬಂದು ನಿಲ್ಲುವುದು ಇಲ್ಲಿ. ಮಕ್ಕಳು ಮೊದಲ ಸಲ ಇದನ್ನು ಹೇಳಿದ 1892ನ್ನೇ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ಗಿಯರಿ ಕಾಯಿದೆ ಚೀನೀಯರ ಮೇಲಿನ ವಲಸೆ ನಿಷೇಧವನ್ನು ಮುಂದುವರಿಸಿ, ಅವರು ವಾಸಪತ್ರ ಹೊತ್ತೇ ತಿರುಗಬೇಕೆಂದಿತು. ಅದೇ ತಿಂಗಳು ಮೆಂಫಿಸ್‌ನಲ್ಲಿ, ಕರಿಯರನ್ನು ಗುಂಪುಗೂಡಿ ಕೊಲ್ಲುವುದನ್ನು ಖಂಡಿಸಿ ಬರೆದ ಐಡಾ ಬಿ. ವೆಲ್ಸ್ ಅವರ ಪತ್ರಿಕಾ ಕಚೇರಿಯನ್ನು ಗುಂಪು ಧ್ವಂಸ ಮಾಡಿತು. ಜೂನ್ 7ರಂದು ಲೂಸಿಯಾನಾದಲ್ಲಿ ಹೋಮರ್ ಪ್ಲೆಸ್ಸಿ ಬಿಳಿಯರ ರೈಲು ಡಬ್ಬಿಯಲ್ಲಿ ಕೂತು ಬಂಧಿತರಾದರು. ಮುಂದೆ 1896ರಲ್ಲಿ ಅವರ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ವರ್ಣಭೇದಕ್ಕೆ ಮುದ್ರೆ ಒತ್ತಿತು. ಬೆಲ್ಲಮಿ ಕೂಡ ಮುಂದಿನ ಬರಹಗಳಲ್ಲಿ ಕೆಲವು ವಲಸಿಗರನ್ನು ಕೀಳಾಗಿ ಕಂಡರು. ಹೀಗೆ ವಾಕ್ಯ ತನ್ನ ಕರ್ತೃವನ್ನೂ ಮೀರಿ ದೊಡ್ಡದಾಗಿತ್ತು.

ಆ ದೊಡ್ಡತನಕ್ಕೆ ಬೆಲೆ ತೆತ್ತವರು ಬೇರೆಯವರು. 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಲ್ಲಿದ್ದ ಇನ್ನೊಬ್ಬ ಬ್ಯಾಪ್ಟಿಸ್ಟ್ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್, ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಉತ್ತರ ಬರೆದರು. ಕಿಂಗ್ ಅವರನ್ನು ಉಗ್ರವಾದಿ ಎನ್ನುತ್ತಿದ್ದರು. ಕಮ್ಯುನಿಸ್ಟರ ಕೈಗೊಂಬೆ ಎಂದೂ ಕರೆಯುತ್ತಿದ್ದರು. ಮೊದಲು ನೋವಾಯಿತೆಂದು ಒಪ್ಪಿಕೊಂಡ ಅವರು, ಯೇಸು, ಆಮೋಸ, ಪೌಲ, ಲಿಂಕನ್ ಎಲ್ಲರೂ ಪ್ರೀತಿಯಲ್ಲೋ ನ್ಯಾಯದಲ್ಲೋ ಉಗ್ರರೇ ಆಗಿದ್ದರಲ್ಲವೇ ಎಂದು ಕೇಳಿದರು. ಪಟ್ಟಿಯನ್ನು ಕಿತ್ತೆಸೆಯುವ ಬದಲು ಅದರೊಳಗೆ ಬೇರೆ ಅರ್ಥ ತುಂಬಿದರು.

ತಾತ್ಪರ್ಯ

ಈ ವಾಕ್ಯದ ಕಥೆ ನಮ್ಮಲ್ಲಿಗೂ ಬಂದಿದೆ. 1962ರಲ್ಲಿ ತೆಲುಗು ಲೇಖಕ ಪೈಡಿಮರ್ರಿ ವೆಂಕಟ ಸುಬ್ಬರಾವ್ ಬರೆದ ನಮ್ಮ ರಾಷ್ಟ್ರೀಯ ಪ್ರತಿಜ್ಞೆಯನ್ನು ಎಲ್ಲ ಶಾಲೆಗಳಿಗೂ ತರಬೇಕೆಂಬ ಶಿಫಾರಸು ಹೊರಟದ್ದು 1964ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಸೇರಿದ ಶಿಕ್ಷಣ ಸಲಹಾ ಮಂಡಳಿಯಿಂದ. ಅದರಲ್ಲೂ ದೇವರ ಹೆಸರಿಲ್ಲ. ದೇಶದ ಜೊತೆಗೆ ದೇಶದ ಜನರಿಗೂ ನಿಷ್ಠೆ ಇದೆ. 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳ ಕುಟುಂಬದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಹೊರಹಾಕಿಸಿಕೊಂಡರು. 1986ರ ಆಗಸ್ಟ್ 11ರಂದು, ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅಮೆರಿಕದ ಆ ತೀರ್ಪುಗಳನ್ನೂ ನೋಡಿ ಮಕ್ಕಳ ಪರ ತೀರ್ಪು ಕೊಟ್ಟರು. ಸಹಿಷ್ಣುತೆ ನಮ್ಮ ಪರಂಪರೆ ಕಲಿಸಿದ ಪಾಠ, ನಮ್ಮ ಸಂವಿಧಾನ ನಡೆಸುವ ಬಾಳು, ಅದನ್ನು ತೆಳುವಾಗಿಸಬಾರದು ಎಂಬುದು ಅವರ ತೀರ್ಪಿನ ಸಾರ.

ಬರೆದ ಸಮಾಜವಾದಿ, ಹೇಳಲೊಲ್ಲದ ಸಾಕ್ಷಿ, ದೇವರನ್ನು ಸೇರಿಸಿದ ಪಾದ್ರಿ, ಸೆರೆಮನೆಯಿಂದ ಬರೆದ ಕಿಂಗ್: ನಾಲ್ವರನ್ನೂ ಒಂದೇ ಪ್ರಶ್ನೆ ಕಾಡಿತ್ತು. ದೇವರಿಗೆ ಮೊದಲ ನಿಷ್ಠೆ ಕೊಟ್ಟವನು ದೇಶಕ್ಕೆ ಏನು ಕೊಡಬಹುದು? ತನ್ನ ಪ್ರಾಮಾಣಿಕತೆಯನ್ನು ಕೊಡಬಹುದು ಎಂಬುದು ಈ ಚರಿತ್ರೆ ಓದಿದ ನನ್ನ ಉತ್ತರ. ತನ್ನ ದೇಶ ಆಡಿದ ಮಾತನ್ನು ಅದಕ್ಕೆ ನೆನಪಿಸುವ ಪ್ರಾಮಾಣಿಕತೆ ಅದು. ಎಡ, ಬಲ, ಭಕ್ತ, ದ್ರೋಹಿ ಎಂಬ ಹೆಸರುಗಳು ಆ ಪ್ರಾಮಾಣಿಕತೆಯನ್ನು ಅಳೆಯಲಾರವು. ಈ ಪ್ರತಿಜ್ಞೆಯನ್ನು ಯಾರು ಎಷ್ಟು ಗಟ್ಟಿಯಾಗಿ ಹೇಳಿದರು ಎಂದು ನೋಡುವುದರಿಂದಲೂ ಅದು ತಿಳಿಯದು. ಇದರ ಕೊನೆಯ 'ಎಲ್ಲರಿಗೂ' ಎಂಬುದರೊಳಗೆ ಅದುವರೆಗೆ ಹೊರಗಿದ್ದ ಯಾರನ್ನು ಸೇರಿಸಿಕೊಂಡರು ಎಂದು ಕೇಳಿದರೆ ತಿಳಿಯುತ್ತದೆ.